ಜಾಹೀರಾತಿಗೆ ಹಣವಿಲ್ಲದ ಕ್ಯಾಮೆರಾ ಮತ್ತು ನಮ್ಮವರ ಸ್ಟುಡಿಯೊ

ವಿಜಯವಾಡ: ಪುಣೆಯಿಂದ ಹೊರಟು ಸೊಲ್ಲಾಪುರ, ನಮ್ಮ ಹುಮನಾಬಾದ್, ಹೈದರಾಬಾದ್ ಮಾರ್ಗವಾಗಿ ಮಚಲೀಪಟ್ಟಣಕ್ಕೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿಯು ಚೆನ್ನೈ-ಕೋಲ್ಕತ್ತಾ ಹೆದ್ದಾರಿಯನ್ನು ಕೂಡುವ ಸ್ಥಳವೇ ಬೆಂಜ್ ಸರ್ಕಲ್. ಇಲ್ಲಿ ತಲೆಯೆತ್ತಿದರೆ ಚಿನ್ನದಂಗಡಿ, ಸೀರೆ ಅಂಗಡಿ, ಕಾಲೇಜುಗಳ ಹೋರ್ಡಿಂಗುಗಳೇ ಕಾಣುತ್ತವೆ. ಇಂತಹ ಜಾಗದಲ್ಲಿ ಬೋರ್ಡು ಹಾಕಿಸುವ ತಾಕತ್ತಿಲ್ಲದ ಚಿಕ್ಕ ಕಂಪನಿಗಳು ಈಗ ಗಿರಾಕಿಯನ್ನು ಹುಡುಕುವುದು ಮೊಬೈಲಿನೊಳಗೆ. ಈ ಬದಲಾವಣೆಯ ಬಿಸಿ ಫೋಟೋ ಸ್ಟುಡಿಯೊ ನಡೆಸುತ್ತಿರುವ ನಮ್ಮವರಿಗೂ ತಟ್ಟಿದೆಯಾದ್ದರಿಂದ ಸಂಘದ ಸದಸ್ಯರು ಇದನ್ನು ಸ್ವಲ್ಪ ಗಮನಿಸುವುದು ಒಳ್ಳೆಯದು.

ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟದ ಲೆಕ್ಕದಂತೆ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಬಂದಿದ್ದವು. 2023ರಲ್ಲಿ ಬಂದದ್ದು ಸುಮಾರು 77 ಲಕ್ಷ ಮಾತ್ರ. ಉಳಿದದ್ದನ್ನು ಮೊಬೈಲ್ ನುಂಗಿತು. ಕ್ಯಾನನ್, ಸೋನಿ, ನಿಕಾನ್‌ಗಳು ಹೇಗೋ ತಡೆದುಕೊಂಡವು. ಪೆಂಟಾಕ್ಸ್ ಪರಿಸ್ಥಿತಿ ಹಾಗಿರಲಿಲ್ಲ. ಫಿಲ್ಮ್ ಕಾಲದಲ್ಲಿ ಹೆಸರು ಮಾಡಿದ್ದ ಈ ಬ್ರಾಂಡು ಹೋಯಾ ಕಂಪನಿಯ ಕೈಸೇರಿ, ಅಲ್ಲಿಂದ 2011ರಲ್ಲಿ ರಿಕೋ ಕಂಪನಿಗೆ ಮಾರಾಟವಾಯಿತು. ವಿಜಯವಾಡದ ಮದುವೆ ಮಂಟಪಗಳಲ್ಲಂತೂ ನಾನು ಇದನ್ನು ಒಮ್ಮೆಯೂ ಕಂಡಿಲ್ಲ.

2022ರ ಜನವರಿಯಲ್ಲಿ ಕಂಪನಿಯು ಒಂದು ನಿರ್ಧಾರ ಪ್ರಕಟಿಸಿತು. ಜಪಾನಿನಲ್ಲಿ ಇನ್ನು ಮುಂದೆ ಮಾರಾಟ ಮುಖ್ಯವಾಗಿ ಇಂಟರ್‌ನೆಟ್ ಮೂಲಕ, ತಯಾರಿಕೆ ಚಿಕ್ಕ ಕಾರ್ಯಾಗಾರದ ರೀತಿಯಲ್ಲಿ, ಗಿರಾಕಿಗಳ ಜೊತೆ ನೇರ ಮಾತುಕತೆ ಎಂಬುದು ಅದರ ಸಾರ. ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ ಫಿಲ್ಮ್ ಕ್ಯಾಮೆರಾ ಮಾಡುವ ಯೋಜನೆಯನ್ನು ಹೇಳಿತು. ಅದಕ್ಕೆ ಸಿನಿಮಾ ತಾರೆಯನ್ನು ಕರೆತರಲಿಲ್ಲ. ಕಂಪನಿಯ ಡಿಸೈನರ್ ತಾಕೆಒ ಸುಜುಕಿ ಎಂಬವರು ಯೂಟ್ಯೂಬಿನಲ್ಲಿ ಕುಳಿತು ಕೆಲಸ ಎಲ್ಲಿಗೆ ಬಂತು, ಎಲ್ಲಿ ಕಷ್ಟವಾಗುತ್ತಿದೆ ಎಂದು ಹೇಳುತ್ತಾ ಹೋದರು. ಫಿಲ್ಮ್ ಸುತ್ತುವ ಲಿವರ್ ಮಾಡುವ ವಿದ್ಯೆ ಹೊಸಬರಿಗೆ ಗೊತ್ತಿಲ್ಲದೆ ನಿವೃತ್ತ ಎಂಜಿನಿಯರುಗಳನ್ನು ಕೇಳಬೇಕಾಯಿತು ಎಂಬುದನ್ನೂ ಮುಚ್ಚಿಡಲಿಲ್ಲ. (ನಿವೃತ್ತಿಯ ಹೊಸ್ತಿಲಲ್ಲಿರುವ ನನ್ನಂಥವರಿಗೆ ಇದು ಸಮಾಧಾನದ ಸುದ್ದಿಯೇ.)

2024ರ ಜೂನಿನಲ್ಲಿ 'ಪೆಂಟಾಕ್ಸ್ 17' ಬಂತು. ಅಮೆರಿಕದಲ್ಲಿ ಬೆಲೆ ಸುಮಾರು 500 ಡಾಲರ್. 36 ಚಿತ್ರಗಳ ಒಂದು ರೋಲಿನಲ್ಲಿ 72 ಚಿತ್ರ ತೆಗೆಯಬಹುದು, ಅದೂ ಮೊಬೈಲಿನಲ್ಲಿ ನೋಡಲು ಅನುಕೂಲವಾಗುವಂತೆ ಉದ್ದುದ್ದ. ಬೇಡಿಕೆ ಎಷ್ಟಿತ್ತೆಂದರೆ ಜಪಾನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಒಂದೂವರೆ ವರ್ಷದ ಮಾತುಕತೆಯೇ ಇಲ್ಲಿ ಜಾಹೀರಾತಿನ ಕೆಲಸ ಮಾಡಿತೆನ್ನಬೇಕು.

ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಒಂದು ಅಭ್ಯಾಸ, ಒಬ್ಬರ ಖಾತೆಯಲ್ಲಿ ಖರ್ಚು ಕಡಿಮೆಯಾಗಿದ್ದರೆ ಅದು ಯಾರ ಖಾತೆಗೆ ಹೋಯಿತೆಂದು ನೋಡುವುದು. ಬೆಂಜ್ ಸರ್ಕಲ್ ಸಮೀಪ ಸ್ಟುಡಿಯೊ ಇಟ್ಟಿರುವ ಕುಂದಾಪುರ ಕಡೆಯವರೊಬ್ಬರು ಪಾಸ್‌ಬುಕ್ ಎಂಟ್ರಿಗೆ ಬಂದಾಗ ಹೇಳಿದರು: "ಸಾರ್, ಕ್ಯಾಮೆರಾ ಮುಟ್ಟಿ ನೋಡ್ಲಿಕ್ಕೆ ನನ್ನ ಅಂಗಡಿ ಬೇಕು. ಅರ್ಧ ಗಂಟೆ ಎಲ್ಲ ಕೇಳ್ತಾರೆ. ಆರ್ಡರ್ ಮಾಡೋದು ಮೆಟ್ಟಿಲು ಇಳಿಯುವಾಗ, ಮೊಬೈಲಿನಲ್ಲಿ." "ಮತ್ತೆ ಹಾಳಾದರೆ?" ಎಂದು ಕೇಳಿದೆ. "ಆಗ ವಾಪಸ್ ನನ್ನ ಹತ್ರವೇ ಬರ್ತಾರೆ, ಬಿಡಿ" ಎಂದರು.

ತೆರಿಗೆಯನ್ನು ದೂರುವಂತಿಲ್ಲ. ಡಿಜಿಟಲ್ ಕ್ಯಾಮೆರಾದ ಜಿಎಸ್‌ಟಿ 2019ರ ಜನವರಿ 1ರಿಂದ ಶೇ. 28ರಿಂದ 18ಕ್ಕೆ ಇಳಿಯಿತು, ಅದು ಅಂಗಡಿಗೂ ಆನ್‌ಲೈನಿಗೂ ಒಂದೇ. ವ್ಯತ್ಯಾಸ ಇರುವುದು ಅಂಗಡಿಯ ಬಾಡಿಗೆ, ಕರೆಂಟು, ಹುಡುಗರ ಸಂಬಳದಲ್ಲಿ. ಕಂಪನಿ ನೇರವಾಗಿ ಮಾರಿದಾಗ ಉಳಿಯುವುದು ಅಂಗಡಿಯವನ ಕಮಿಷನ್. ತೋರಿಸುವ, ವಿವರಿಸುವ ಕೆಲಸ ಮಾತ್ರ ಅವನ ಮೇಲೆ ಹಾಗೆಯೇ ಉಳಿಯುತ್ತದೆ, ಕೂಲಿ ಇಲ್ಲದೆ.

ಇನ್ನೊಂದು ಸಂಗತಿ ಸಾಲಕ್ಕೆ ಬರುವ ಹುಡುಗರದು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 'ಶಿಶು' ಸಾಲ 50 ಸಾವಿರದವರೆಗೆ, 'ಕಿಶೋರ' 5 ಲಕ್ಷದವರೆಗೆ. ಕ್ಯಾಮೆರಾ ಕೊಳ್ಳಲು ಬರುವವರು ವ್ಯವಹಾರದ ವಿವರ ಕೇಳಿದರೆ ಫಾಲೋವರ್ಸ್ ಎಷ್ಟು ಎಂದು ತೋರಿಸುತ್ತಾರೆ. ಪೆಂಟಾಕ್ಸ್ ಬಂಡವಾಳ ಫಾಲೋವರ್ಸ್ ಅಲ್ಲ, ತಲೆಮಾರುಗಳಿಂದ ಅದರ ಲೆನ್ಸು ಇಟ್ಟುಕೊಂಡಿದ್ದ ಗಿರಾಕಿಗಳು. ಕಳೆದ ವರ್ಷ ಎಷ್ಟು ಮದುವೆ ತೆಗೆದಿರಿ, ಎಷ್ಟು ಜನ ಎರಡನೇ ಸಲ ಕರೆದರು ಎಂಬ ಪ್ರಶ್ನೆಗೆ ಉತ್ತರವಿದ್ದರೆ ಸಾಲ ಕೊಡುವವರಿಗೂ ಧೈರ್ಯ.

ಕುಂದಾಪುರದವರು ಈಗ ಹೊಸ ಕ್ಯಾಮೆರಾ ಮಾರುವುದನ್ನು ಬಹುತೇಕ ಬಿಟ್ಟಿದ್ದಾರೆ. ಲೆನ್ಸು ಬಾಡಿಗೆಗೆ ಕೊಡುತ್ತಾರೆ, ಬೂಸ್ಟು ಹಿಡಿದ ಲೆನ್ಸು ಶುಚಿ ಮಾಡಿಸಿಕೊಡುತ್ತಾರೆ, ಮಗಳು ಅದನ್ನು ಮೊಬೈಲಿನಲ್ಲಿ ಚಿಕ್ಕ ವಿಡಿಯೊ ಮಾಡಿ ಹಾಕುತ್ತಾಳೆ. ಮುಟ್ಟಿ ನೋಡಲು ಬಂದವರಿಗೆ ನೂರು ರೂಪಾಯಿ, ಬಾಡಿಗೆಗೆ ತೆಗೆದುಕೊಂಡರೆ ಅದರಲ್ಲೇ ಕಡಿತ ಎಂದು ಕಳೆದ ತಿಂಗಳು ತೆಲುಗಿನಲ್ಲಿ ಬೋರ್ಡು ಬರೆಸಿ ಬಾಗಿಲಿಗೆ ತೂಗುಹಾಕಿದ್ದಾರೆ.