ಕೆರೆ ಬರೀ ಹೆಸರಿನಲ್ಲಿ ಉಳಿದರೆ ಸಾಕೇ?

ಸಹೋದರಿಯರೇ, ಹೊಳಲ್ಕೆರೆ ಎಂಬ ಹೆಸರನ್ನು ಒಮ್ಮೆ ಬಿಡಿಸಿ ನೋಡಿ. ಹಳೆಗನ್ನಡದಲ್ಲಿ ಹೊಳಲು ಎಂದರೆ ಪಟ್ಟಣ. ಅದರ ಜೊತೆಗೇ ಕೆರೆ. ಕೆರೆಯಿಲ್ಲದೆ ಊರು ಬದುಕದೆಂದು ಬಯಲುಸೀಮೆಯ ಹಿರಿಯರು ಅರಿತಿದ್ದರು.

ಪರಂಪರೆಯೆಂದರೆ ಕೋಟೆ ಗೋಡೆಗಳಷ್ಟೇ ಅಲ್ಲ. ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದೊಯ್ದಾಗ ಗೋಪಾಲಸ್ವಾಮಿ ಹೊಂಡವನ್ನೂ ಅಕ್ಕ-ತಂಗಿ ಹೊಂಡವನ್ನೂ ತೋರಿಸಿ. ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡ ಜಾಣ್ಮೆ ಅಲ್ಲಿದೆ. ಓಬವ್ವ ಶತ್ರು ಸೈನಿಕರನ್ನು ಕಂಡದ್ದು ನೀರು ತರಲು ಹೋದಾಗ ಎಂಬ ಕಥೆ ಎಲ್ಲರಿಗೂ ಗೊತ್ತು. ಹೊಳಲ್ಕೆರೆಗೆ ಕುಡಿಯುವ ನೀರು ಕೊಡುವ ಚನ್ನಗಿರಿ ತಾಲೂಕಿನ ಶಾಂತಿಸಾಗರವನ್ನು, ಅಂದರೆ ಸೂಳೆಕೆರೆಯನ್ನು, ಕಟ್ಟಿಸಿದವಳು ಶಾಂತವ್ವ ಎಂಬ ಹೆಣ್ಣುಮಗಳೆಂದು ಜನ ಹೇಳುತ್ತಾರೆ. ನೀರಿನ ಕಥೆಯಲ್ಲಿ ಹೆಣ್ಣು ಎಂದೂ ಹೊರಗಿನವಳಲ್ಲ.

ಹಿಂದೆ ಕೆರೆಯ ತೂಬು ತೆರೆಯಲು ನೀರುಗಂಟಿ ಇರುತ್ತಿದ್ದ. ಬೇಸಿಗೆಯಲ್ಲಿ ರೈತರು ಹೂಳೆತ್ತಿ ಗಾಡಿಯಲ್ಲಿ ಹೊಲಕ್ಕೆ ಹಾಕುತ್ತಿದ್ದರು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ. ಕೊಳವೆಬಾವಿ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ಹೂಳು ತುಂಬಿತು, ಜಾಲಿ ಬೆಳೆಯಿತು, ಕಸ ಸುರಿಯುವ ಜಾಗವಾಯಿತು.

ಅದರ ಬೆಲೆ ತೆರುತ್ತಿರುವವರು ನಮ್ಮ ಮಕ್ಕಳು. ಚಿತ್ರದುರ್ಗ ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಕೀಲು, ಮೂಳೆಗಳಿಗೂ ತೊಂದರೆ. ತಾಯಂದಿರೇ, ಒಂದು ಮಾತು ನೆನಪಿಡಿ: ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.

ಮಳೆನೀರಿನಲ್ಲಿ ಈ ಕಾಟ ಇಲ್ಲವೆಂದೇ ಹೇಳಬಹುದು. ಸಾವಿರ ಚದರಡಿ ತಾರಸಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,000 ಲೀಟರ್ ಹಿಡಿಯಬಹುದು. ತಾರಸಿ ಗುಡಿಸಿ, ಮೊದಲ ಮಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಸೋಸಿ ಮುಚ್ಚಿದ ತೊಟ್ಟಿಗೆ ತುಂಬಿಸಿ. ಬತ್ತಿದ ಕೊಳವೆಬಾವಿಗೆ ಮಳೆನೀರು ಇಂಗಿಸುವ ವಿಧಾನವನ್ನು ಚಿತ್ರದುರ್ಗದವರೇ ಆದ ಭೂವಿಜ್ಞಾನಿ ಎನ್.ಜೆ. ದೇವರಾಜ ರೆಡ್ಡಿ ಹಳ್ಳಿಹಳ್ಳಿಗೆ ತಲುಪಿಸಿದ್ದಾರೆ.

ಆದರೆ ಕೆರೆ ಒಂದು ಮನೆಯ ಕೆಲಸವಲ್ಲ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ರಾಜ್ಯದಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ಯೋಜನೆಯಲ್ಲಿ ಚಿತ್ರದುರ್ಗ ಜಿಲ್ಲೆಯೂ ಇತ್ತು. ಕೆರೆಯನ್ನು ಬಳಸುವವರೇ ಸಂಘ ಕಟ್ಟಿಕೊಂಡು ಅದನ್ನು ನೋಡಿಕೊಳ್ಳಬೇಕೆಂಬುದು ಅದರ ತಿರುಳು. ಯೋಜನೆಗಳು ಬರುತ್ತವೆ, ಮುಗಿಯುತ್ತವೆ. ಸಂಘ ಉಳಿದರೆ ಮಾತ್ರ ಕೆರೆ ಉಳಿಯುತ್ತದೆ.

ಆ ಸಂಘದಲ್ಲಿ ನೀವಿದ್ದೀರಾ? ಕೊಡ ಹೊರುವವರು ನಾವು, ತೀರ್ಮಾನ ಮಾತ್ರ ಗಂಡಸರದ್ದು ಎಂದಾದರೆ ಅದು ನ್ಯಾಯವೇ? ಮುಂದಿನ ಗ್ರಾಮಸಭೆಗೆ ಮೊಹಲ್ಲಾದ ನಾಲ್ಕು ಹೆಂಗಸರು, ನೆರೆಯ ಗೌಡ್ರ ಮನೆಯವರು, ಹಟ್ಟಿಯವರು ಎಲ್ಲರೂ ಕೂಡಿಯೇ ಹೋಗಿ. ಕುಡಿಯುವ ನೀರಿನ ಪರೀಕ್ಷೆಯ ವರದಿ ಕೇಳಿ. ಕೆರೆಯ ಗಡಿ ಗುರುತಿಸಿ, ಒತ್ತುವರಿ ಬಿಡಿಸಿ ಎನ್ನಿ. ಮಸೀದಿಯಲ್ಲಿ ವುಝೂ ಮಾಡಿದ ನೀರು ಚರಂಡಿಗೆ ಹೋಗುವ ಬದಲು ಗಿಡಗಳಿಗೆ ಹರಿಯುವಂತೆ ಮಾಡಲು ಮನೆಯ ಗಂಡಸರಿಗೆ ಹೇಳಿ. ಹರಿಯುವ ನದಿಯ ದಡದಲ್ಲಿದ್ದರೂ ನೀರು ಪೋಲು ಮಾಡಬೇಡಿ ಎಂದು ಕಲಿತವರಲ್ಲವೇ ನಾವು?

ಕೆರೆಯ ನೀರು ಯಾರ ಜಾತಿಯನ್ನೂ ಕೇಳುವುದಿಲ್ಲ. ಅದನ್ನು ಉಳಿಸುವಾಗ ನಾವೂ ಕೇಳಬಾರದು.