ಅಂಗಣ ಬದಲಾದರೆ ಅಂಕದ ಬೆಲೆಯೂ ಬದಲು

ಬಿಜ್ಜರಗಿಯ ರೈತನಿಗೆ ನೆಲದ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಹೊಲ ಮಡ್ಡಿ, ಇನ್ನೊಂದು ಎರೆ. ಒಬ್ಬನ ಬೋರಿಗೆ ನೀರು ಬಿದ್ದರೆ ಪಕ್ಕದವನ ಬೋರಿನಲ್ಲಿ ಬರೀ ದೂಳು. ಇಬ್ಬರೂ ಒಂದೇ ಮಳೆಗೆ ಬಿತ್ತಿದರೂ ರಾಶಿಯ ದಿನ ಇಬ್ಬರ ಚೀಲಗಳ ಲೆಕ್ಕ ಒಂದೇ ಆಗುವುದಿಲ್ಲ. ಹತ್ತು ಚೀಲ ಬೆಳೆದವನು ಇಪ್ಪತ್ತು ಚೀಲ ಬೆಳೆದವನಿಗಿಂತ ಕಡಿಮೆ ದುಡಿದ ಎಂದು ತಿಳಿದವರು ಹೇಳುವುದಿಲ್ಲ. ಅವರು ಮೊದಲು ಕೇಳುವುದು, ‘ಯಾವ ಹೊಲ?’ ಎಂದು.

ಈ ಪ್ರಶ್ನೆಯನ್ನೇ ನಿಯಮವಾಗಿ ಮಾಡಿಕೊಂಡ ಒಂದು ಆಟವಿದೆ. ಅದು ಗಾಲ್ಫ್. ನಮ್ಮ ಕಡೆಯ ಮಕ್ಕಳು ಟಿ.ವಿ.ಯಲ್ಲಿ ಮಾತ್ರ ನೋಡುವ, ಸಿರಿವಂತರದೆಂದು ಚಾನೆಲ್ ಬದಲಿಸಿಬಿಡುವ ಆಟ. ಆದರೆ ಅದರ ಲೆಕ್ಕದ ಕ್ರಮದಲ್ಲಿ ವಿದ್ಯಾರ್ಥಿಗಳೂ ಪಾಲಕರೂ ಗಮನಿಸಬೇಕಾದ ಮಾತೊಂದಿದೆ.

ಕಬಡ್ಡಿಯ ಅಂಗಣಕ್ಕೆ ಅಳತೆಯಿದೆ, ಟೆನಿಸ್ ಅಂಗಣಕ್ಕೂ ಇದೆ. ಗಾಲ್ಫಿಗೆ ಅಂಥ ಒಂದೇ ಅಳತೆ ಇಲ್ಲ. ಸಾಮಾನ್ಯವಾಗಿ 18 ಕುಳಿಗಳು. ಚೆಂಡನ್ನು ಆದಷ್ಟು ಕಡಿಮೆ ಹೊಡೆತಗಳಲ್ಲಿ ಒಂದೊಂದು ಕುಳಿಗೂ ಸೇರಿಸಬೇಕು. ಉಳಿದದ್ದೆಲ್ಲ ನೆಲಕ್ಕೆ ಬಿಟ್ಟದ್ದು. ಗುಡ್ಡ, ಕೆರೆ, ಮರಳು, ಗಾಳಿ ಎಲ್ಲವೂ ಆಟಗಾರನ ಎದುರಾಳಿಗಳೇ.

ಇದು ಚೆನ್ನಾಗಿ ಕಾಣುವುದು ಅಮೆರಿಕದ ಕ್ಯಾಲಿಫೋರ್ನಿಯಾ ಮರುಭೂಮಿಯ ಲಾ ಕೀಂಟಾ ಎಂಬ ಊರಿನಲ್ಲಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರಿನ ಆಸುಪಾಸು. ಬರದ ನಾಡೆಂದು ಹೆಸರಾದ ವಿಜಯಪುರ ಜಿಲ್ಲೆಯಲ್ಲೂ ಇದರ ಸುಮಾರು ಐದು ಪಟ್ಟು ಮಳೆಯಾಗುತ್ತದೆ! ಅಂಥ ಕಡೆ 1926ರಲ್ಲಿ ಒಂದು ವಿಹಾರ ಹೋಟೆಲು ತೆರೆಯಿತು. ಮುಂದೆ ಅದರ ಸುತ್ತಮುತ್ತ ಒಂದರ ಪಕ್ಕ ಒಂದರಂತೆ ಗಾಲ್ಫ್ ಅಂಗಣಗಳು ಎದ್ದವು.

ಪಕ್ಕಪಕ್ಕದಲ್ಲಿದ್ದರೂ ಒಂದರ ಹಾಗೆ ಇನ್ನೊಂದಿಲ್ಲ. ಪೀಟ್ ಡೈ ಎಂಬ ವಿನ್ಯಾಸಕಾರ ರೂಪಿಸಿದ ‘ಮೌಂಟನ್’ ಅಂಗಣ ಸಾಂಟಾ ರೋಸಾ ಬೆಟ್ಟದ ಬುಡಕ್ಕೆ ಅಂಟಿಕೊಂಡಿದೆ. ಅದರ 16ನೆಯ ಕುಳಿಗೆ ಎತ್ತರದಲ್ಲಿ ನಿಂತು, ಕೆಳಗೆ ಬಂಡೆಗಳ ನಡುವೆ ಕಾಣುವ ಚಿಕ್ಕ ಹಸಿರು ತುಂಡಿನ ಮೇಲೆ ಚೆಂಡನ್ನು ಇಳಿಸಬೇಕು. 1999ರಲ್ಲಿ ತೆರೆದ ಗ್ರೆಗ್ ನಾರ್ಮನ್ ವಿನ್ಯಾಸದ ಅಂಗಣದಲ್ಲಿ ಹುಲ್ಲು ಕಡಿಮೆ, ಮರುಭೂಮಿಯೇ ಹೆಚ್ಚು. ಗುರಿ ತಪ್ಪಿದರೆ ಚೆಂಡು ಮರಳಿನ ಪಾಲು.

ಎಲ್ಲಕ್ಕಿಂತ ಕುಖ್ಯಾತವಾದದ್ದು ಪೀಟ್ ಡೈ ಅವರದೇ ‘ಸ್ಟೇಡಿಯಂ’ ಅಂಗಣ. ಅದು ತೆರೆದದ್ದು 1986ರಲ್ಲಿ. 16ನೆಯ ಕುಳಿಯ ಪಕ್ಕದ ಮರಳುಗುಂಡಿಯ ಆಳ ಸುಮಾರು 19 ಅಡಿ. ಅದರೊಳಗೆ ಬಿದ್ದವನಿಗೆ ಕಾಣುವುದು ಆಕಾಶ ಮಾತ್ರ. 17ನೆಯ ಕುಳಿ ನೀರಿನ ನಡುವಿನ ನಡುಗಡ್ಡೆಯಲ್ಲಿದೆ. ಹಳೆಯ ದ್ವೀಪ ಸೆರೆಮನೆಯ ನೆನಪಿಗೆ ಅದನ್ನು ‘ಅಲ್ಕಟ್ರಾಜ್’ ಎಂದು ಕರೆಯುತ್ತಾರೆ. 1987ರಲ್ಲಿ ಇಲ್ಲಿ ದೊಡ್ಡ ಪಂದ್ಯ ನಡೆದಾಗ ವೃತ್ತಿಪರ ಆಟಗಾರರೇ ‘ಇದು ತೀರ ಕಷ್ಟ’ ಎಂದು ದೂರಿದರು. ಪಂದ್ಯ ಅಲ್ಲಿಂದ ಹೊರಟು, ತಿರುಗಿ ಬಂದದ್ದು 2016ರಲ್ಲಿ.

ಇಂತಿಷ್ಟು ಬೇರೆ ಬೇರೆ ಅಂಗಣಗಳಲ್ಲಿ ಆಡಿದವರನ್ನು ಹೋಲಿಸುವುದು ಹೇಗೆ? ಗಾಲ್ಫಿನಲ್ಲಿ ಇದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು, ಎಲ್ಲರೂ ಎಲ್ಲ ನೆಲವನ್ನೂ ತುಳಿಯುವುದು. ಪ್ರತಿ ಜನವರಿಯಲ್ಲಿ ಲಾ ಕೀಂಟಾದಲ್ಲಿ ನಡೆಯುವ ಅಮೆರಿಕನ್ ಎಕ್ಸ್‌ಪ್ರೆಸ್ ಪಂದ್ಯದಲ್ಲಿ ಪ್ರತಿಯೊಬ್ಬ ಆಟಗಾರನೂ ಮೊದಲ ಮೂರು ದಿನ ಮೂರು ಬೇರೆ ಅಂಗಣಗಳಲ್ಲಿ ಆಡುತ್ತಾನೆ. ಅಂತಿಮ ದಿನದ ಆಟ ಸ್ಟೇಡಿಯಂ ಅಂಗಣದಲ್ಲಿ. ಸುಲಭದ್ದನ್ನು ಆರಿಸಿಕೊಳ್ಳುವ ಸವಲತ್ತು ಯಾರಿಗೂ ಇಲ್ಲ.

2024ರಲ್ಲಿ ಇದನ್ನು ಗೆದ್ದವನು ಒಬ್ಬ ಕಾಲೇಜು ವಿದ್ಯಾರ್ಥಿ! ಅಲಬಾಮಾ ವಿಶ್ವವಿದ್ಯಾಲಯದ ನಿಕ್ ಡನ್‌ಲಪ್‌ಗೆ ಆಗ 20 ವರ್ಷ. ಮೂರನೆಯ ದಿನ ಲಾ ಕೀಂಟಾ ಕಂಟ್ರಿ ಕ್ಲಬ್ ಅಂಗಣವನ್ನು ಅವನು 60 ಹೊಡೆತಗಳಲ್ಲಿ ಮುಗಿಸಿದ. ಮರುದಿನ ಸ್ಟೇಡಿಯಂ ಅಂಗಣದಲ್ಲಿ ಅದೇ ಹುಡುಗನಿಗೆ 70 ಹೊಡೆತ ಬೇಕಾದವು. 7ನೆಯ ಕುಳಿಯಲ್ಲಿ ಚೆಂಡು ನೀರಿಗೂ ಬಿತ್ತು. ಒಂದು ರಾತ್ರಿಯಲ್ಲಿ ಅವನು ದಡ್ಡನಾಗಿರಲಿಲ್ಲ. ನೆಲ ಬದಲಾಗಿತ್ತು, ಎದೆಯ ಮೇಲಿನ ಭಾರವೂ ಹೆಚ್ಚಿತ್ತು. ಆದರೂ ಎದೆಗುಂದದೆ ಒಂದೇ ಹೊಡೆತದ ಅಂತರದಿಂದ ಗೆದ್ದ. ಅಮೆರಿಕದ ಪ್ರಮುಖ ವೃತ್ತಿಪರ ಸರಣಿಯಲ್ಲಿ ಹವ್ಯಾಸಿಯೊಬ್ಬ ಗೆದ್ದದ್ದು 1991ರ ನಂತರ ಅದೇ ಮೊದಲು. ಹವ್ಯಾಸಿಯಾದ್ದರಿಂದ ಹದಿನೈದು ಲಕ್ಷ ಡಾಲರಿಗೂ ಮಿಕ್ಕ ಬಹುಮಾನದ ಹಣ ಅವನಿಗೆ ಸಿಗಲಿಲ್ಲ. ಅದು ಎರಡನೆಯ ಸ್ಥಾನದವನ ಪಾಲಾಯಿತು.

ಎರಡನೆಯ ದಾರಿ ಸಾಮಾನ್ಯ ಆಟಗಾರರದು. ಅಲ್ಲಿ ನೆಲವನ್ನೇ ತೂಗುತ್ತಾರೆ. ಪ್ರತಿ ಅಂಗಣದ ಕಾಠಿಣ್ಯಕ್ಕೂ ‘ಸ್ಲೋಪ್’ ಎಂಬ ಒಂದು ಸಂಖ್ಯೆಯಿದೆ. 113 ಎಂದರೆ ಸಾಧಾರಣ, 155 ಎಂದರೆ ಅತಿ ಕಠಿಣ. ಆಟಗಾರನ ಮಟ್ಟಕ್ಕೆ ತಕ್ಕಂತೆ ಅವನಿಗೆ ಒಂದಿಷ್ಟು ಹೊಡೆತಗಳ ರಿಯಾಯಿತಿ ಇರುತ್ತದೆ. ಸಾಧಾರಣ ಅಂಗಣದಲ್ಲಿ 20 ಹೊಡೆತಗಳ ರಿಯಾಯಿತಿ ಇರುವವನಿಗೆ, 147 ಸ್ಲೋಪ್ ಇರುವ ಅಂಗಣದಲ್ಲಿ ಸ್ಥೂಲವಾಗಿ 26 ಸಿಗುತ್ತದೆ. 20ನ್ನು 147ರಿಂದ ಗುಣಿಸಿ 113ರಿಂದ ಭಾಗಿಸಿ ನೋಡಿ. ಇದು ದಯೆಯಲ್ಲ, ಲೆಕ್ಕ. ಇದರ ಜೊತೆಗೆ ಇನ್ನೊಂದು ಕಟ್ಟುಪಾಡು: ಆಟಗಾರ ತನ್ನ ಹೊಡೆತಗಳ ಲೆಕ್ಕಕ್ಕೆ ತಾನೇ ಸಹಿ ಹಾಕಬೇಕು. ನೆಲ ಕಷ್ಟವೆಂದು ಲೆಕ್ಕ ತಿದ್ದುವಂತಿಲ್ಲ.

ಇನ್ನು ಆ ಮರುಭೂಮಿಯ ಹಸಿರಿನ ಲೆಕ್ಕ. ಕೊಲರಾಡೊ ನದಿಯ ನೀರು ಸುಮಾರು 200 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಆ ಕಣಿವೆಗೆ ಬರುತ್ತದೆ. ಗಾಲ್ಫಿನ ಹುಲ್ಲೂ, ಅಲ್ಲಿನ ರೈತರ ಖರ್ಜೂರ ಮತ್ತು ದ್ರಾಕ್ಷಿಯೂ ಅದೇ ನೀರಿನ ಪಾಲುದಾರರು. 2022ರಲ್ಲಿ ಆ ನದಿಯ ದೊಡ್ಡ ಜಲಾಶಯ ಲೇಕ್ ಮೀಡ್, 1930ರ ದಶಕದಲ್ಲಿ ತುಂಬಿದ ಮೇಲೆ ಎಂದೂ ಕಾಣದಷ್ಟು ಕೆಳಗಿಳಿಯಿತು. ಹುಲ್ಲು ಕಡಿಮೆ ಮಾಡಿ ಮರಳನ್ನೇ ಆಟದೊಳಗೆ ಸೇರಿಸಿಕೊಂಡ ಅಂಗಣಗಳ ಬೆಲೆ ಈಗ ತಿಳಿಯುತ್ತಿದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಿ ದ್ರಾಕ್ಷಿ ಪಡಕು ಉಳಿಸಿಕೊಂಡ, ಕೃಷ್ಣೆಯ ನೀರು ಏತ ನೀರಾವರಿಯಿಂದ ಬರುವುದನ್ನು ಕಾದ ತಿಕೋಟಾ, ಬಬಲೇಶ್ವರ ಸೀಮೆಯ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರ್ನಾಟಕಕ್ಕೂ ಈ ಆಟ ಹೊಸತಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಅದೇ ಬೆಂಗಳೂರಿನ ಸಿ. ಮುನಿಯಪ್ಪ ಮೊದಲು ಇತರರ ಗಾಲ್ಫ್ ಚೀಲ ಹೊರುವ ಕ್ಯಾಡಿಯಾಗಿದ್ದವರು; 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಅದಿತಿ ಅಶೋಕ್ ಹೋದಾಗ ವಿಶ್ವದಲ್ಲಿ ಅವರ ಸ್ಥಾನ 200. ಚೀಲ ಹೊತ್ತು ಜೊತೆ ನಡೆದವರು ಸ್ವಂತ ತಾಯಿ. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಸಿಕ್ಕಿದ್ದು ನಾಲ್ಕನೆಯ ಸ್ಥಾನ.

ಫಲಿತಾಂಶದ ದಿನ ಮನೆಮನೆಯಲ್ಲೂ ನಡೆಯುವುದು ಹೋಲಿಕೆಯೇ. ‘ಅವರ ಮಗನಿಗೆ ತೊಂಬತ್ತು, ನಿನಗೇಕೆ ಎಪ್ಪತ್ತು?’ ಆ ಮಗುವಿಗೆ ಮನೆಯಲ್ಲಿ ಓದಿ ಹೇಳುವವರಿದ್ದರೇ, ಶಾಲೆಯ ದಾರಿ ಎಷ್ಟು ದೂರ, ಬೆಳಿಗ್ಗೆ ತೋಟದ ಕೆಲಸ ಮುಗಿಸಿ ಬಂದದ್ದೇ, ಇದನ್ನು ಯಾವ ಅಂಕಪಟ್ಟಿಯೂ ಬರೆಯುವುದಿಲ್ಲ. ಅದನ್ನು ಕೂಡಿಸಿ ನೋಡಬೇಕಾದವರು ಪಾಲಕರು. ಹಾಗೆಂದು ವಿದ್ಯಾರ್ಥಿ ನೆಲದ ಮೇಲೆ ತಪ್ಪು ಹೊರಿಸಿ ಸುಮ್ಮನೆ ಕೂಡುವಂತೆಯೂ ಇಲ್ಲ. ತನ್ನ ಲೆಕ್ಕಕ್ಕೆ ತಾನೇ ಸಹಿ ಹಾಕಬೇಕು.

ಚೀಲ ಎಣಿಸುವ ಮೊದಲು ‘ಯಾವ ಹೊಲ?’ ಎಂದು ಕೇಳುವುದು ನಮ್ಮ ಸೀಮೆಯ ಹಿರಿಯರ ರೂಢಿ. ಮಗುವಿನ ಅಂಕಪಟ್ಟಿ ಕೈಗೆ ಬಂದಾಗಲೂ ಅದೇ ರೂಢಿ ಇರಲಿ.