ಹೆಸರಿಗೆ ಮಾತ್ರ ಬಾಳೆಬಾಕ



ಒಮ್ಮೆ ಅಂಟಿದ ಹೆಸರು ಸುಲಭವಾಗಿ ಬಿಡುವುದಿಲ್ಲ. ಆಫ್ರಿಕದ ಟುರಾಕೊ ಹಕ್ಕಿಗಳೇ ಇದಕ್ಕೆ ಸಾಕ್ಷಿ. ಉದ್ದ ಬಾಲದ, ಕೊಂಬೆಯಿಂದ ಕೊಂಬೆಗೆ ಚುರುಕಾಗಿ ಓಡಾಡುವ ಈ ಹಕ್ಕಿಗಳು ಇರುವುದು ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಮಾತ್ರ. ವಿಜ್ಞಾನಿಗಳು ಈ ಕುಟುಂಬಕ್ಕೆ ಇಟ್ಟ ಹೆಸರು ಮ್ಯೂಸೊಫ್ಯಾಜಿಡೇ. ಎಂದರೆ ಬಾಳೆ ತಿನ್ನುವವು. ಇಂಗ್ಲಿಷಿನಲ್ಲಿಯೂ ಕೆಲವಕ್ಕೆ ‘ಪ್ಲಾಂಟೇನ್ ಈಟರ್’ ಎಂದೇ ಹೆಸರು. ಆದರೆ ಕಾಡಿನಲ್ಲಿ ಇವು ಬಾಳೆಹಣ್ಣು ತಿನ್ನುವುದು ಬಲು ಅಪರೂಪ. ಅತ್ತಿ ಜಾತಿಯ ಹಣ್ಣುಗಳು, ಇತರ ಕಾಡುಹಣ್ಣುಗಳು, ಎಲೆ, ಮೊಗ್ಗು, ಹೂವು ಇವೇ ಇವುಗಳ ಆಹಾರ.

ಪಶ್ಚಿಮ ಆಫ್ರಿಕದ ಒಂದು ಜಾತಿಯ ಪಾಡು ಇನ್ನೂ ವಿಚಿತ್ರ. 1783ರಲ್ಲಿ ಬೊಡಾರ್ಟ್ ಎಂಬ ಡಚ್ ವಿದ್ವಾಂಸರು ಅದನ್ನು ‘ಪಿಸ್ಕೇಟರ್’ ಎಂದು ಕರೆದರು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಬೆಸ್ತ! ಮೀನು ಹಿಡಿಯದ ಆ ಹಕ್ಕಿ ಇಂದಿಗೂ ಶಾಸ್ತ್ರದ ಪುಸ್ತಕಗಳಲ್ಲಿ ಬೆಸ್ತನಾಗಿಯೇ ಉಳಿದಿದೆ.

ದಕ್ಷಿಣ ಆಫ್ರಿಕದ ಬೂದು ಬಣ್ಣದ ಟುರಾಕೊಗೆ ಮಾತ್ರ ನ್ಯಾಯ ದೊರೆತಿದೆ. ಅದರ ಕೂಗು ಕಿವಿಗೆ ‘ಗೋ ಅವೇ’, ಅಂದರೆ ‘ತೊಲಗು’ ಎಂದು ಕೇಳುವುದರಿಂದ ಅದೇ ಅದರ ಹೆಸರಾಯಿತು. ಕಿವಿಗೊಟ್ಟು ಕೇಳಿ ಇಟ್ಟ ಹೆಸರು ನಿಂತಿತು. ನೋಡದೆ ಊಹಿಸಿ ಇಟ್ಟದ್ದು ಸುಳ್ಳಾಯಿತು.

ಈ ಕುಲದ ನಿಜವಾದ ವೈಶಿಷ್ಟ್ಯವೋ ಯಾವ ಹೆಸರಿನಲ್ಲಿಯೂ ಇಲ್ಲ. ಹಲವು ಟುರಾಕೊಗಳ ರೆಕ್ಕೆಯ ಕೆಂಪು ಬಣ್ಣದಲ್ಲಿ ತಾಮ್ರವಿದೆಯೆಂದು 1869ರಲ್ಲಿ ಚರ್ಚ್ ಎಂಬ ರಸಾಯನ ವಿಜ್ಞಾನಿ ತೋರಿಸಿಕೊಟ್ಟರು. ನಾವು ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತದಲ್ಲಿರುವುದೂ ಅದೇ ತಾಮ್ರ.

ಟುರಾಕೊಗಳು ಬೆಳೆಯನ್ನು ಮುಟ್ಟುವುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಕೆಲವು ಜಾತಿಗಳು ಹಣ್ಣು ತರಕಾರಿಗಳಿಗೆ ಬಾಯಿ ಹಾಕುತ್ತವೆ. ಆದರೆ ಯಾವುದನ್ನು, ಎಷ್ಟನ್ನು ತಿನ್ನುತ್ತವೆ ಎಂಬುದನ್ನು ಕಂಡು ಹೇಳಬೇಕೇ ಹೊರತು ಹೆಸರು ಹಿಡಿದು ತೀರ್ಪು ಕೊಡಬಾರದು.

ನಮ್ಮ ತೋಟಗಳ ಅತ್ತಿ, ಬಸರಿ ಮರಗಳಿಗೆ ಮಂಗಟ್ಟೆ, ಪಿಕಳಾರಗಳು ಬರುತ್ತವೆ. ‘ಹಾಳು ಹಕ್ಕಿ’ ಎಂದು ಕಲ್ಲು ಎತ್ತುವುದು, ‘ಕೆಲಸಕ್ಕೆ ಬಾರದ ಮರ’ ಎಂದು ಕೊಡಲಿ ಹಾಕುವುದು ನಮ್ಮಲ್ಲೂ ಉಂಟು. ಕೊಡಲಿ ಎತ್ತುವ ಮೊದಲು ಒಂದು ಹಂಗಾಮಾದರೂ ಆ ಮರದ ಕೆಳಗೆ ನಿಂತು ನೋಡೋಣ. ಹೆಸರು ತಪ್ಪಿದರೆ ಪುಸ್ತಕದಲ್ಲಿ ತಿದ್ದಬಹುದು. ಕಡಿದ ಮರವನ್ನು ಮತ್ತೆ ನಿಲ್ಲಿಸಲಾಗದು.